ನಾಲ್ಕು ತಟ್ಟೆಯ ಲೆಕ್ಕ

ನಾನು ಹಾಕಿದ ಅಡುಗೆ ಲೆಕ್ಕದಿಂದ ನನ್ನ ಒಡಹುಟ್ಟಿದ ಅಣ್ಣನ ರಾತ್ರಿ ಊಟ ತಪ್ಪಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ಲೆಕ್ಕ ಎಷ್ಟು ಚೆನ್ನಾಗಿತ್ತು ಅಂತ ಮುಂದೆ ನಾನು ಬಹಳ ಕೊಚ್ಚಿಕೊಳ್ಳುವುದಿದೆ, ಕೇಳುವವರು ಮೋಸ ಹೋಗಬಾರದು.

ನಾನು ಕಸುಬಿನಲ್ಲಿ ಕಟಿಂಗ್ ಮಾಸ್ಟರ್. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಅರವತ್ತು ಪದರ ಹಾಸಿ, ಮೇಲೆ ಕಾಗದದ ಅಚ್ಚುಗಳನ್ನು ಜೋಡಿಸುವುದು ನನ್ನ ಕೆಲಸ. ತೋಳಿನ ಸಂದಿಯಲ್ಲಿ ಕಾಲರ್, ಕಾಲರಿನ ಸಂದಿಯಲ್ಲಿ ಜೇಬು. ಯಾವುದನ್ನು ಯಾವುದರ ಪಕ್ಕ ಮಲಗಿಸಿದರೆ ಚಿಂದಿ ಕಡಿಮೆ ಬೀಳುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಒಂದು ಷರಟಿಗೆ ಎರಡು ಬೆರಳು ಬಟ್ಟೆ ಉಳಿಸಿದರೆ ಸಾವಿರ ಷರಟಿಗೆ ಎಷ್ಟಾಯಿತು ಅಂತ ಮಾಲೀಕರಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಕಸ ಗುಡಿಸುವಾಕೆ, "ಮಾಸ್ಟರೇ, ನಿಮ್ಮ ಮೇಜಿನ ಕೆಳಗೆ ನನಗೆ ಕೆಲಸವೇ ಇಲ್ಲ" ಅನ್ನುತ್ತಿದ್ದಳು. ಆ ಮಾತನ್ನು ನಾನು ಮನೆಯಲ್ಲಿ ಕನಿಷ್ಠ ಇಪ್ಪತ್ತು ಸಲ ಹೇಳಿದ್ದೇನೆ.

ಒಂಬತ್ತು ವರ್ಷ ನನ್ನದು ಸಂಜೆ ಪಾಳಿ. ಮಧ್ಯಾಹ್ನ ಹೋದರೆ ಮನೆ ಸೇರುವಾಗ ಎಲ್ಲರೂ ಮಲಗಿರುತ್ತಿದ್ದರು. ಈ ವರ್ಷ ಆರ್ಡರ್ ಕಡಿಮೆ ಅಂತ ಸಂಜೆ ಪಾಳಿಯನ್ನೇ ಎತ್ತಿದರು. ಬೆಳಿಗ್ಗೆ ಬೇಗ ಹೋಗಿ ನಾಲ್ಕಕ್ಕೆ ಬಿಡುಗಡೆ, ಪಾಳಿಯ ಭತ್ಯೆ ಖೋತಾ. ನನ್ನ ಹೆಂಡತಿ ಲಾಂಡ್ರಿಯ ಕೌಂಟರಿನಲ್ಲಿ ಕೂರುತ್ತಾಳೆ. ಅವಳು ಸಂಜೆಯೂ ಎರಡು ಗಂಟೆ ಹೆಚ್ಚಿಗೆ ಕೂರಲು ಒಪ್ಪಿಕೊಂಡಳು. ಆದರೂ ದಿನಸಿಯ ಲಕೋಟೆಯಲ್ಲಿ ವಾರಕ್ಕೆ ನಾಲ್ಕು ನೋಟು ಇರುತ್ತಿದ್ದ ಕಡೆ ಮೂರು ಉಳಿಯಿತು. ಉಣ್ಣುವವರು ನಾವಿಬ್ಬರು, ಹದಿನಾಲ್ಕರ ಮಗಳು, ಮತ್ತೆ ನಮ್ಮ ಜೊತೆಗೇ ಇರುವ ಅತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುತ್ತಾರೆ. ಹಾಸಿಗೆ ಕುಗ್ಗಿದಾಗ ಕಾಲನ್ನು ಹೇಗೆ ಮಡಚಬೇಕು ಅಂತ ಯಾರೂ ಹೇಳುವುದಿಲ್ಲ.

"ಇನ್ನು ರಾತ್ರಿ ಅಡುಗೆ ನನಗೆ ಬಿಡು," ಅಂದೆ ಹೆಂಡತಿಗೆ. "ಲೆಕ್ಕಾನೂ ನನಗೇ ಬಿಡು."

"ಅಡುಗೆ ಮಾಡಿ. ಲೆಕ್ಕ ನನ್ನ ಹತ್ರ ಇರಲಿ," ಅಂದಳು.

ನಾನು ಕೇಳಲಿಲ್ಲ. ಮೊದಲ ಸಂಜೆ ಅವಳು ಡಬ್ಬಿಗಳನ್ನೆಲ್ಲ ತೋರಿಸಿ, ಅಕ್ಕಿ ಅಳೆದು ಹಾಕಿದಳು. ಐದು ಬಟ್ಟಲು.

"ನಾಲ್ಕು ಜನಕ್ಕೆ ಐದು ಯಾಕೆ?"

"ಇರಲಿ ಬಿಡಿ. ಯಾರಾದ್ರೂ ಬಂದ್ರೆ ಬೇಕಾಗತ್ತೆ."

"ನಮ್ಮನೆಗೆ ಯಾರು ಬರ್ತಾರೆ?"

ಅವಳು ನನ್ನ ಮುಖ ನೋಡಿದಳು. ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. "ಯಾರೂ ಬರಲ್ಲ," ಅಂದಳು. ನಾನು ಒಂದು ಬಟ್ಟಲು ಅಕ್ಕಿಯನ್ನು ಡಬ್ಬಿಗೆ ವಾಪಸು ಸುರಿದೆ. ಚಿಂದಿ ಸಿಕ್ಕಿತು ಅಂತ ನನಗೆ ಖುಷಿಯೇ ಆಯಿತು.

ಭಾನುವಾರ ಕಾರ್ಖಾನೆಯ ಕಂದು ಕಾಗದ ಹರಡಿ, ಏಳು ಚೌಕ ಗೀಚಿ, ವಾರದ ಊಟವನ್ನು ಷರಟಿನ ಹಾಗೆ ಜೋಡಿಸಿದೆ. ಭಾನುವಾರ ಒಂದು ಕೋಳಿ, ಅದರಲ್ಲಿ ಅರ್ಧ ಮಾತ್ರ. ಸೋಮವಾರ ಅದರ ಮೂಳೆ ಕುದಿಸಿ ಸೂಪು, ಜೊತೆಗೆ ಬ್ರೆಡ್. ಮಂಗಳವಾರ ಉಳಿದರ್ಧ ಕೋಳಿ ಬಿಡಿಸಿ ಅನ್ನಕ್ಕೆ. ಬುಧವಾರ ಮೊಟ್ಟೆ, ಆಲೂಗಡ್ಡೆ. ಗುರುವಾರ ಬೇಳೆಗೆ ಎಲೆಕೋಸಿನ ಹೊರಗಿನ ದಪ್ಪ ಎಲೆ, ಶುಕ್ರವಾರ ಅದೇ ಕೋಸಿನ ಒಳಗಿನದು. ಶನಿವಾರ, ವಾರವಿಡೀ ಉಳಿದ ತುದಿ ಬುಡಗಳೆಲ್ಲ ಒಂದೇ ಪಾತ್ರೆಯಲ್ಲಿ. ತರಕಾರಿ ತರುವುದು ಶನಿವಾರ ಮಾರುಕಟ್ಟೆ ಮುಚ್ಚುವ ಹೊತ್ತಿಗೆ, ಮಾರುವವರಿಗೆ ಮನೆಗೆ ಹೋಗುವ ಆತುರ ಇದ್ದಾಗ. ಕಾಗದವನ್ನು ಬೀರುವಿನ ಬಾಗಿಲಿಗೆ ಅಂಟಿಸಿದೆ.

ಅತ್ತೆ ಕನ್ನಡಕ ಹಾಕಿಕೊಂಡು ಬಂದು ಓದಿದರು. "ಅಳಿಯಂದ್ರೇ, ಇದು ಊಟದ್ದೋ ಅಂಗಿಯದ್ದೋ? ಬುಧವಾರ ನನ್ನ ತಟ್ಟೆಗೆ ಕಾಲರ್ ಬರತ್ತೋ, ತೋಳು ಬರತ್ತೋ?"

"ಬಂದದ್ದು ತಿನ್ನಿ ಅತ್ತೆ," ಅಂದೆ.

ಮೊದಲ ವಾರದ ಕೊನೆಗೆ ಮೂರು ನೋಟಿನಲ್ಲಿ ಚಿಲ್ಲರೆ ಉಳಿಯಿತು. ನಾನು ಅದನ್ನು ಮೇಜಿನ ಮೇಲೆ ಸುರಿದು ಎಲ್ಲರಿಗೂ ಕೇಳುವ ಹಾಗೆ ಎಣಿಸಿದೆ. ಯಾರೂ ಹೊಗಳಲಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡೆ.

ನಮ್ಮ ಊಟದ ಕ್ರಮ ಹೀಗಿತ್ತು. ಬೆಳಿಗ್ಗೆ ಐದಕ್ಕೆ ಏಳುವವನು ನಾನು, ಏಳು ಗಂಟೆಗೇ ಉಂಡು, ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂರುತ್ತಿದ್ದೆ. ಹೆಂಡತಿಯ ಬಸ್ಸು ಬರುವುದು ಏಳೂವರೆಗೆ. ಆಮೇಲೆ ಅವರು ಮೂವರೂ ಒಟ್ಟಿಗೆ ಉಣ್ಣುತ್ತಿದ್ದರು. ಎಂಟಕ್ಕೆ ಮಗಳು ಚೀಲ ಹೆಗಲಿಗೆ ಹಾಕಿಕೊಂಡು ನನ್ನನ್ನು ದಾಟಿ ಹೋಗುತ್ತಿದ್ದಳು.

"ಎಲ್ಲಿಗೆ?"

"ಗೆಳತಿ ಮನೆಗೆ. ಗಣಿತ ಹೇಳಿಸ್ಕೊಂಡು ಬರ್ತೀನಿ."

"ಹೋಗು, ಹೋಗು. ಲೆಕ್ಕ ಚೆನ್ನಾಗಿ ಕಲಿ," ಅನ್ನುತ್ತಿದ್ದೆ. ಒಳಗೆ ತಟ್ಟೆ, ಪಾತ್ರೆ ಎಲ್ಲ ಖಾಲಿ. ಒಂದು ಅಗುಳೂ ಉಳಿಯದ ಮನೆ. ಬೀರುವಿನ ಮೇಲಿನ ಕಾಗದ ನೋಡಿ ನಾನು ನೆಮ್ಮದಿಯಾಗಿ ಮಲಗುತ್ತಿದ್ದೆ.

ಇಲ್ಲಿ ಅಣ್ಣನ ವಿಷಯ ಹೇಳಬೇಕು. ನನಗೆ ಕತ್ತರಿ ಹಿಡಿಯುವುದು ಕಲಿಸಿದವನು ಅವನು. ನಮ್ಮ ರಸ್ತೆಯಿಂದ ಮೂರನೇ ತಿರುವಿನಲ್ಲಿ ಅವನ ಹೊಲಿಗೆ ಅಂಗಡಿ ಇತ್ತು. ಅಲ್ಲಿ ಎರಡೇ ಕಟ್ಟುನಿಟ್ಟು. ಒಂದು, ಬಟ್ಟೆ ಮೇಲೆ ಗುರುತು ಹಾಕಿದ ಮೇಲೆ ಅಣ್ಣ ಬಂದು ನೋಡಿ, ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುವ ತನಕ ಯಾರೂ ಕತ್ತರಿ ಮುಟ್ಟಬಾರದು. ಎರಡು, ಹೊಲಿಗೆಯ ಒಳಗೆ ಬಟ್ಟೆ ಬಿಡಬೇಕು. "ಬೆಳೆಯೋ ಮಕ್ಕಳು, ದಪ್ಪ ಆಗೋ ಗಂಡಸರು, ಬಸುರಿ ಹೆಂಗಸರು. ಒಳಗೆ ಎರಡು ಬೆರಳು ಬಿಟ್ಟಿದ್ರೆ ನಾಳೆ ಬಿಚ್ಚಿ ಅಗಲ ಮಾಡಬಹುದು. ಬಿಡದೇ ಹೋದ್ರೆ ಅವರು ಯಾರ ಹತ್ರ ಹೋಗಬೇಕು?" ಅನ್ನುತ್ತಿದ್ದ.

ನಾನು ಕಾರ್ಖಾನೆ ಸೇರಿ ಐದು ವರ್ಷವಾದ ಮೇಲೆ ಮಾಲೀಕರು ಶಾಲೆಯ ಸಮವಸ್ತ್ರಕ್ಕೆ ಕೈ ಹಾಕಿದರು. ಅದು ಅಲ್ಲಿಯವರೆಗೆ ಅಣ್ಣನ ಅನ್ನ. ಎಷ್ಟು ಕಡಿಮೆಗೆ ಕೊಡಬಹುದು ಅಂತ ನನ್ನನ್ನು ಕೇಳಿದರು. ನಾನು ಒಳಗೆ ಬಿಡುವ ಎರಡು ಬೆರಳನ್ನು ತೆಗೆದುಹಾಕಿ ಅಚ್ಚು ಜೋಡಿಸಿ ತೋರಿಸಿದೆ. ಶಾಲೆಯವರು ಕಾರ್ಖಾನೆಯ ಕಡೆಗೆ ಬಂದರು. ಅಣ್ಣ ಆ ದಿನ ನನ್ನ ಮುಂದೆ ನಿಂತು, "ನೀನು ಉಳಿಸಿದ್ಯಲ್ಲ ಎರಡು ಬೆರಳು, ಅದು ನಂದು ಕಣೋ," ಅಂದ. ಅಷ್ಟೇ. ನಾಲ್ಕು ವರ್ಷ ಮಾತಿಲ್ಲ. ನಾನೇನು ಕಡಿಮೆಯೇ, ನಾನೂ ಆಡಲಿಲ್ಲ. ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿತು. ಕಣ್ಣು ಮಂಜಾಗಿದೆ, ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದಾನೆ, ಜಿಪ್ಪು ಗುಂಡಿ ಹಾಕಿಕೊಡುತ್ತಾನೆ ಅಂತ ಅವರಿವರು ಹೇಳಿದ್ದು ಕಿವಿಗೆ ಬಿದ್ದಿತ್ತು. ಅವನಿಗೆ ಹೆಂಡತಿ ಮಕ್ಕಳು ಇಲ್ಲ. ಹೇಗೆ ಉಣ್ಣುತ್ತಾನೆ ಅಂತ ನಾನು ಯೋಚಿಸಲಿಲ್ಲ. ಯೋಚಿಸಬಾರದು ಅಂತಲೇ ಯೋಚಿಸಲಿಲ್ಲ, ನಿಜ ಹೇಳಬೇಕೆಂದರೆ.

ಐದನೇ ವಾರದ ಗುರುವಾರ, ನಾನು ಎಲೆಕೋಸು ಹೆಚ್ಚುತ್ತಿದ್ದಾಗ ಮಗಳು ಶಾಲೆಯ ಸ್ಕರ್ಟ್ ತಂದು ಮೇಜಿನ ಮೇಲೆ ಹಾಕಿದಳು.

"ಅಪ್ಪ, ಕೊಕ್ಕೆ ಸ್ವಲ್ಪ ಒಳಗೆ ಸರಿಸಿಕೊಡು. ಜಾರ್ತಿದೆ."

"ಜಾರತ್ತೆ ಅಂದ್ರೆ?"

ಟೇಪು ತಂದು ಅವಳ ಸೊಂಟಕ್ಕೆ ಹಿಡಿದೆ. ಶಾಲೆ ಶುರುವಾದಾಗ ನಾನೇ ತೆಗೆದ ಅಳತೆ ನನಗೆ ನೆನಪಿತ್ತು. ಒಂದೂವರೆ ಇಂಚು ಕಡಿಮೆ. ಹದಿನಾಲ್ಕರ ಹುಡುಗಿ ಬೆಳೆಯಬೇಕು, ಕರಗಬಾರದು. ಇಪ್ಪತ್ತೈದು ವರ್ಷದಿಂದ ಕಣ್ಣಳತೆಯಲ್ಲೇ ಜನರ ಸುತ್ತಳತೆ ಹೇಳುವ ನಾನು ಮನೆಯವರನ್ನು ನೋಡಿಯೇ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ಈಗ ನೆನಪಿಸಿಕೊಂಡರೆ ಹೆಂಡತಿಯ ತೋಳೂ ಸಡಿಲ, ಅತ್ತೆಯ ಬಳೆ ಮೊಣಕೈ ತನಕ ಏರುತ್ತಿತ್ತು.

ಸ್ಕರ್ಟನ್ನು ಮಗುಚಿದೆ. ಅದು ನಾನೇ ಕತ್ತರಿಸಿದ್ದು, ನಮ್ಮ ಕಾರ್ಖಾನೆಯದು. ಒಳಗೆ ಬಟ್ಟೆ ಇಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅಂಚಿಗೆ ಒಳಗಡೆಯಿಂದ ಅದೇ ಬಣ್ಣದ ಬೇರೆ ಬಟ್ಟೆಯ ಪಟ್ಟಿ ಕೂಡಿಸಿ, ಎರಡು ಬೆರಳು ಉದ್ದ ಮಾಡಿದ್ದರು. ಕೈಹೊಲಿಗೆ. ಓರೆಯಾಗಿ ಬಿದ್ದ ಸಣ್ಣ ಸಣ್ಣ ಹೊಲಿಗೆ, ಪ್ರತಿ ಏಳಕ್ಕೆ ಒಂದು ಜೋಡಿ. ಹಾಗೆ ಹೊಲಿಯುವವನು ಒಬ್ಬನೇ. ನಾನು ಹತ್ತು ವರ್ಷ ಪ್ರಯತ್ನಿಸಿದರೂ ಅದು ನನ್ನ ಕೈಗೆ ಬಂದಿರಲಿಲ್ಲ.

"ಇದನ್ನ ಯಾರು ಮಾಡಿದ್ದು?"

ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ಬಟಾಣಿ ಬಿಡಿಸುತ್ತಾ, "ಹೇಳೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ," ಅಂದರು.

"ದೊಡ್ಡಪ್ಪ," ಅಂದಳು ಮಗಳು.

ಆಮೇಲೆ ಎಲ್ಲ ಹೊರಗೆ ಬಂತು. ಅಂಗಡಿ ಮುಚ್ಚಿದ ಲಾಗಾಯ್ತು ನಾನು ಪಾಳಿಯಲ್ಲಿದ್ದಾಗ ದಿನಾ ಏಳಕ್ಕೆ ಅಣ್ಣ ಬರುತ್ತಿದ್ದ. ಊಟಕ್ಕೆ ಅಂತಲ್ಲ, ಛೆ. ನನ್ನ ಹೆಂಡತಿ "ಭಾವ, ಉಪ್ಪು ಸರಿಯಾಗಿದೆಯಾ ನೋಡಿ" ಅಂತ ಒಂದು ಸೌಟು ಹಾಕುವುದು, ಅವನು "ಸರಿಯಾಗಿದೆ" ಅನ್ನುವುದು, ಅವಳು "ಒಂದು ಸೌಟಲ್ಲಿ ಏನು ಗೊತ್ತಾಗತ್ತೆ, ಕೂತ್ಕೊಂಡು ಸರಿಯಾಗಿ ನೋಡಿ" ಅನ್ನುವುದು. ಎರಡು ವರ್ಷ ಅವನು ನಮ್ಮ ಮನೆಯ ಉಪ್ಪು ನೋಡಿದ. ಸುಮ್ಮನೆ ಉಂಡವನೂ ಅಲ್ಲ. ಹರಿದದ್ದು, ಬಿಚ್ಚಿದ್ದು, ಗಿಡ್ಡ ಆದದ್ದು ಎಲ್ಲ ಹೊಲಿದುಕೊಟ್ಟು ಹೋಗುತ್ತಿದ್ದ. ನಾನು ಮನೆಯಲ್ಲಿ ಇರುವ ಹಾಗೆ ಆದ ಮೇಲೆ ಅವನು ಬರುವುದು ನಿಂತಿತು. ಇವರು ಮೂವರೂ ತಮ್ಮ ತಮ್ಮ ತಟ್ಟೆಯಿಂದ ತೆಗೆದು ಡಬ್ಬಿ ಕಟ್ಟುತ್ತಿದ್ದರು. ಹೊಟ್ಟೆ ಬಟ್ಟೆ ಕಟ್ಟುವುದು ಅಂತ ಕೇಳಿದ್ದೆ, ನನ್ನ ಮನೆಯಲ್ಲೇ ನಡೆದದ್ದು ಕಾಣಲಿಲ್ಲ. ಗಣಿತದ ಚೀಲದಲ್ಲಿ ಆ ಡಬ್ಬಿ ನನ್ನ ಮೂಗಿನ ಕೆಳಗೇ ಮೆಟ್ಟಿಲಿಳಿದು ಹೋಗುತ್ತಿತ್ತು.

"ಇವತ್ತೂ ಹೋಗ್ತೀಯಾ?" ಅಂತ ಕೇಳಿದೆ.

"ಇಲ್ಲ. ಸೋಮವಾರ ದೊಡ್ಡಪ್ಪ ನನ್ನ ಸೊಂಟ ನೋಡಿದ್ರು. ಟೇಪು ಕೂಡ ಹಿಡೀಲಿಲ್ಲ. ‘ಒಂದೂವರೆ ಇಳಿದಿದೆ, ಇನ್ನು ಡಬ್ಬಿ ತರಬೇಡ’ ಅಂದ್ರು. ಮಂಗಳವಾರ ತಗೊಂಡು ಹೋದ್ರೆ ಬಾಗಿಲೇ ತೆಗೀಲಿಲ್ಲ. ಸೋಮವಾರವೇ ನಾನು ಕೊಕ್ಕೆ ನೀವೇ ಸರಿಸಿಕೊಡಿ ಅಂದಿದ್ದಕ್ಕೆ, ‘ನಿಮ್ಮಪ್ಪನ ಹತ್ರ ಕೊಡು, ಅಳತೆ ಅವನೇ ತಗೊಳ್ಳಲಿ’ ಅಂದಿದ್ರು."

ಸೋಮವಾರದಿಂದ ಗುರುವಾರದ ತನಕ ಅವನಿಗೆ ನಮ್ಮ ಮನೆಯ ಅನ್ನವಿಲ್ಲ. ಮಂಜು ಕಣ್ಣಿನವನು ಬಾಗಿಲಲ್ಲಿ ನಿಂತು ಒಂದು ಸಲ ನೋಡಿ ಹೇಳಿದ್ದನ್ನು ನಾನು ಒಂದೇ ಸೂರಿನ ಕೆಳಗೆ ಐದು ವಾರ ಇದ್ದೂ ಕಾಣಲಿಲ್ಲ. ನನಗೆ ನಾಚಿಕೆಯಾಯಿತು. ಕೋಸು ಹೆಚ್ಚುವುದನ್ನು ಬಿಟ್ಟು ಕೂತುಬಿಟ್ಟೆ.

ಹೆಂಡತಿ ಬಂದಾಗ ಸ್ಕರ್ಟ್ ಮೇಜಿನ ಮೇಲೆ ಮಗುಚಿಕೊಂಡೇ ಇತ್ತು. ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಅಂದೆ.

"ಹೇಳಿದ್ರೆ ನೀವು ಬೇಡ ಅಂತಿದ್ರಿ. ಬೇಡ ಅಂದ ಮೇಲೂ ನಾನು ಹಾಕ್ತಿದ್ದೆ. ಆಮೇಲೆ ನಮ್ಮಿಬ್ಬರಿಗೂ ಮಾತಿರ್ತಿರಲಿಲ್ಲ. ಒಂದು ಮನೇಲಿ ಒಂದು ಜಗಳ ಸಾಕು ಅಂತ ಸುಮ್ಮನಿದ್ದೆ."

ಡಬ್ಬಿ ಕಟ್ಟಿ ನಾನೇ ಕೊಟ್ಟು ಬರುತ್ತೇನೆ ಅಂದಾಗ ಅತ್ತೆ ತಡೆದರು. "ಅಳಿಯಂದ್ರೇ, ನಿಮ್ಮ ಕೈಯಿಂದ ಡಬ್ಬಿ ತಗೊಳ್ಳೋಕೆ ಆತ ಭಿಕ್ಷುಕನಲ್ಲ. ಮೊದಲು ಮಾತಾಡೋಕೆ ಏನಾದ್ರೂ ಹುಡುಕಿ."

ಬೀರುವಿನ ಬಾಗಿಲಿನಿಂದ ಕಾಗದ ಕಿತ್ತೆ. ಹಿಂಬದಿಗೆ ಮತ್ತೆ ಏಳು ಚೌಕ ಹಾಕಿದೆ. ಐದು ಜನ, ಮೂರು ನೋಟು. ಎರಡು ಗಂಟೆ ಕೂತೆ. ಷರಟಾದರೆ ತೋಳನ್ನು ತಿರುಗಿಸಿ ಮಲಗಿಸಬಹುದು. ಹೊಟ್ಟೆಯನ್ನು ಹೇಗೆ ತಿರುಗಿಸುವುದು? ಹೇಗೋ ಸರಿಹೊಂದಿಸಿದೆ.

ಮರುದಿನ ಕೆಲಸ ಬಿಟ್ಟವನೇ ನೆಟ್ಟಗೆ ಮೂರನೇ ತಿರುವಿಗೆ ಹೋದೆ. ಅಂಗಡಿಯ ಜಾಗದಲ್ಲಿ ಈಗ ಬೀಗದ ಕೈ ಮಾಡುವವನು ಕೂತಿದ್ದಾನೆ. ಪಕ್ಕದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಚಿಲಕ ಹಾಕಿರಲಿಲ್ಲ. ಅಣ್ಣ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದ. ದಾರ ಪ್ರತಿ ಸಲವೂ ಸೂಜಿಯ ಪಕ್ಕದಿಂದ ಹೋಗುತ್ತಿತ್ತು. ನನ್ನನ್ನು ನೋಡಿ ಸೂಜಿ ಕೆಳಗಿಟ್ಟ. ನಾನು ಪೋಣಿಸಿ, ಗಂಟು ಹಾಕಿ, ಮೆತ್ತೆಗೆ ಚುಚ್ಚಿಟ್ಟೆ. ಆಮೇಲೆ ಕಾಗದವನ್ನು ಅವನ ಮುಂದೆ ಬಿಡಿಸಿದೆ.

"ಒಂದು ಸಲ ನೋಡು."

"ಏನಿದು?" ನಾಲ್ಕು ವರ್ಷದ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಮಾತು.

"ಏಳು ರಾತ್ರಿ, ಮೂರು ನೋಟು. ಗೀಟು ಹಾಕಬೇಕು."

ಅವನು ಕಾಗದವನ್ನು ಮೂಗಿನ ತನಕ ಎತ್ತಿಕೊಂಡು, ಬೆರಳು ಆಡಿಸುತ್ತಾ ಚೌಕ ಚೌಕವಾಗಿ ಓದಿದ. ಬುಧವಾರದ ಮೇಲೆ ಬೆರಳು ನಿಂತಿತು.

"ಎಷ್ಟು ಜನಕ್ಕೆ?"

"ಐದು."

"ಮೊಟ್ಟೆ ನಾಲ್ಕೇ ಬರೆದಿದ್ದೀಯ."

"ನನಗೆ ಮೊಟ್ಟೆ ಆಗಲ್ಲ."

"ಯಾವಾಗಿಂದ?"

"ನಿನ್ನೆಯಿಂದ."

ಅವನು ನಗಲಿಲ್ಲ. "ಶುಕ್ರವಾರ ನಿನಗೆ ಬ್ರೆಡ್ ಇಲ್ಲ. ಮಂಗಳವಾರ ಕೋಳಿ ಇಲ್ಲ. ಒಬ್ಬನ ತೋಳು ಕತ್ತರಿಸಿ ಇನ್ನೊಬ್ಬನಿಗೆ ಕೂಡಿಸಿದ್ದೀಯ. ಇಂಥ ಅಚ್ಚಿಗೆ ನಾನು ಯಾವತ್ತಾದ್ರೂ ಗೀಟು ಹಾಕಿದ್ದೀನಾ?"

"ಇಲ್ಲ."

"ಕೋಳಿ ತೆಗಿ. ಎರಡು ವಾರಕ್ಕೊಮ್ಮೆ ಸಾಕು. ಒಂದು ಕೋಳಿ ದುಡ್ಡಲ್ಲಿ ಎಷ್ಟು ಬೇಳೆ ಬರತ್ತೆ ನೋಡು. ಪ್ರತಿದಿನ ಒಂದು ಹಿಡಿ ಹೆಚ್ಚಿಗೆ ನೆನೆಸು. ಯಾರೂ ತಿನ್ನದೇ ಇದ್ರೆ ಮರುದಿನದ ಸೂಪಿಗೆ ಆಗತ್ತೆ."

"ಆಯ್ತು," ಅಂದೆ. ಅಂಗಡಿಯಲ್ಲಿ ಕಲಿಯುತ್ತಿದ್ದಾಗ ಹೇಗೆ ಅನ್ನುತ್ತಿದ್ದೆನೋ ಹಾಗೇ. ಆಮೇಲೆ ನಿಜವಾಗಿ ಹೇಳಬೇಕಾಗಿದ್ದನ್ನು ಹೇಳಿದೆ. "ಅಣ್ಣ, ನಿನ್ನ ಊಟ ಕತ್ತರಿಸಿದ್ದು ನಾನು. ನನಗೆ ಗೊತ್ತಿರಲಿಲ್ಲ."

"ಗೊತ್ತಿದ್ರೆ?"

ಇಲ್ಲ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಸಮವಸ್ತ್ರದ ಅಚ್ಚು ಜೋಡಿಸಿದ ದಿನ ನನಗೆ ಎಲ್ಲವೂ ಗೊತ್ತಿತ್ತು. ಅದು ಅವನಿಗೂ ಗೊತ್ತು.

"ಗೊತ್ತಿದ್ರೂ ಕತ್ತರಿಸ್ತಿದ್ದೆನೇನೋ," ಅಂದೆ. "ಆಗ. ಈಗ ಇಲ್ಲ."

ಅವನು ಕಾಗದವನ್ನು ವಾಪಸು ಕೊಡಲಿಲ್ಲ, ಗೀಟೂ ಹಾಕಲಿಲ್ಲ. "ಇಲ್ಲಿರಲಿ. ನೀನು ಹೋಗು," ಅಂದ.

ಆ ರಾತ್ರಿ ಅವನು ಬರಲಿಲ್ಲ. ಬೇಯಿಸಿದ ಐದನೆಯ ಪಾಲು ಪಾತ್ರೆಯ ತಳದಲ್ಲಿ ಉಳಿಯಿತು.

ಶನಿವಾರ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ, ಕೋಳಿಯ ಅಂಗಡಿ ದಾಟಿ, ಬೇಳೆ ತಂದೆ. ಐದು ಬಟ್ಟಲು ಅಕ್ಕಿ ಇಟ್ಟೆ. ಏಳಕ್ಕೆ ನಾನು ಉಣ್ಣಲಿಲ್ಲ, ಮೆಟ್ಟಿಲ ಮೇಲೂ ಕೂರಲಿಲ್ಲ. ಏಳೂವರೆಗೆ ಹೆಂಡತಿ ಬಂದಳು. ಐದು ತಟ್ಟೆ ಹಾಕಿದಳು. ಅತ್ತೆ, "ಆರಿದ್ರೆ ಮತ್ತೆ ಬಿಸಿ ಮಾಡಿದ್ರಾಯ್ತು," ಅಂದರು. ಎಂಟಾಯಿತು. ನನ್ನ ಕಿವಿ ಬಾಗಿಲಲ್ಲೇ ಇತ್ತು. ಅವನು ಬಾರದಿದ್ದರೆ ನಾಳೆ ಮತ್ತೆ ಹೋಗಬೇಕು, ನಾಡಿದ್ದೂ ಹೋಗಬೇಕು, ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಎಂಟೂಕಾಲಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅಣ್ಣ ಒಳಗೆ ಬಂದ. ಯಾರನ್ನೂ ನೋಡದೆ ನೇರ ಬೀರುವಿನ ಹತ್ತಿರ ಹೋಗಿ, ಕಂಕುಳಿನಿಂದ ಕಾಗದ ತೆಗೆದು, ಹಳೆಯ ಅಂಟಿನ ಗುರುತಿನ ಮೇಲೇ ಒತ್ತಿ ನಿಲ್ಲಿಸಿದ. ಕೆಳಗಿನ ಮೂಲೆಯಲ್ಲಿ ಸೀಮೆಸುಣ್ಣದ ಒಂದು ಗೀಟು ಇತ್ತು. ಆಮೇಲೆ ಬಂದು ಐದನೆಯ ತಟ್ಟೆಯ ಮುಂದೆ ಕೂತ. ಮುಂಚೆ ದಿನಾ ಕೂರುತ್ತಿದ್ದ ಜಾಗ ಅದೇ ಇರಬೇಕು, ಹುಡುಕಲಿಲ್ಲ.

ಹೆಂಡತಿ, "ಭಾವ, ಉಪ್ಪು..." ಅಂತ ಶುರು ಮಾಡಿದಳು.

"ಉಪ್ಪು ಇರಲಮ್ಮ," ಅಂದ ಅಣ್ಣ. "ಹಸಿವಾಗಿದೆ."

ಎರಡು ವರ್ಷದಲ್ಲಿ ಅವನು ಆ ಮಾತು ಹೇಳಿದ್ದು ಅದೇ ಮೊದಲು ಅಂತ ಆಮೇಲೆ ಅವಳು ಹೇಳಿದಳು. ಆಗ ಮಾತ್ರ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿದಳು. ನಾನು ಸೌಟು ತೆಗೆದುಕೊಂಡೆ. ಅಣ್ಣ ಮಗಳ ಕಡೆ ತಿರುಗಿದ.

"ಏನೇ, ಸ್ಕರ್ಟಿನ ಕೊಕ್ಕೆ ಸರಿಸಿಕೊಟ್ಟನಾ ನಿಮ್ಮಪ್ಪ?"

"ಇಲ್ಲ ದೊಡ್ಡಪ್ಪ. ಅಪ್ಪ ಬೇಡ ಅಂದ. ಪಿನ್ ಹಾಕ್ಕೊಂಡಿದ್ದೀನಿ."

"ಯಾಕಂತೆ?"

"ಇರಲಿ ಬಿಡು, ಇನ್ನು ಸೊಂಟ ಮತ್ತೆ ತುಂಬಿಕೊಳ್ಳತ್ತೆ ಅಂದ."

ಅಣ್ಣ ನನ್ನ ಕಡೆ ನೋಡಿದ. ತಟ್ಟೆಯನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದ. ನಾನು ಬಡಿಸಿದೆ.